ಕೆರೆಯ ಕೋಡಿ, ಹೊಳೆಯ ಖಾತೆ

ಊರ ಕಡೆಯಿಂದ ಹೈದರಾಬಾದಿಗೆ ಬರುವ ನೆಂಟರಿಷ್ಟರು ನೋಡುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಚಾರ್‌ಮಿನಾರ್, ಗೋಲ್ಕೊಂಡ ಕೋಟೆ, ಸಾಲಾರ್‌ಜಂಗ್ ಮ್ಯೂಸಿಯಂ, ಸಂಜೆ ತಂಪಿಗೆ ಟ್ಯಾಂಕ್‌ಬಂಡ್. ಟ್ಯಾಂಕ್‌ಬಂಡ್ ಎಂದರೆ ಬೇರೇನೂ ಅಲ್ಲ, ಹುಸೇನ್ ಸಾಗರ ಎಂಬ ಕೆರೆಯ ಏರಿ. ಅಲ್ಲಿ ನಿಂತು ಕೆರೆಯ ನಡುವಿನ ಬುದ್ಧನಿಗೆ ಕೈಮುಗಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಗಾಳಿ ತಿರುಗಿದರೆ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಆದರೆ ಬೆನ್ನು ತಿರುಗಿಸಿ ಏರಿಯ ಇನ್ನೊಂದು ಬದಿ ನೋಡುವವರು ಕಡಿಮೆ. ಆ ಬದಿಯ ತಗ್ಗಿನಲ್ಲಿ ದೋಮಲ್‌ಗುಡ, ಅಶೋಕ್‌ನಗರ ಮುಂತಾದ ಬಡಾವಣೆಗಳಿವೆ. ನಮ್ಮೂರಿನ ಕಡೆ ಕೆರೆ ಏರಿಯ ಕೆಳಗೆ ಅಚ್ಚುಕಟ್ಟು ಇರುತ್ತದೆ, ಗದ್ದೆ ಇರುತ್ತದೆ. ಇಲ್ಲಿ ಇರುವುದು ಸಾಲು ಸಾಲು ಮನೆ. ಮಳೆ ಜಾಸ್ತಿಯಾಗಿ ಕೆರೆ ತುಂಬಿದಾಗ ಹೆಚ್ಚಾದ ನೀರು ಈ ಮನೆಗಳ ಪಕ್ಕದ ನಾಲೆಯಲ್ಲೇ ಹರಿದು ಮೂಸಿ ಹೊಳೆಗೆ ಸೇರಬೇಕು. ಹೀಗೆ ಕೆರೆಯ ನೆರೆಯನ್ನು ಹೊಳೆಗೆ ಬಿಡುವುದು ಸರಿಯೇ, ಬಿಟ್ಟರೆ ಆಮೇಲೆ ಏನಾಗುತ್ತದೆ ಎಂಬುದು ಈ ಊರಿನಲ್ಲಿ ನೂರು ವರ್ಷಕ್ಕೂ ಹಳೆಯ ಪ್ರಶ್ನೆ. ಅದರ ಕಥೆಯಲ್ಲಿ ನಮ್ಮವರೊಬ್ಬರು ಬಹು ದೊಡ್ಡದಾಗಿ ಬರುತ್ತಾರೆ.

ನಾನು ಮದ್ದೂರಿನ ಕಡೆಯವನು. ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. 1998ರಲ್ಲಿ ಹೈದರಾಬಾದಿಗೆ ವರ್ಗವಾಯಿತು. ಎರಡು ಮೂರು ವರ್ಷ ಕಳೆದರೆ ವಾಪಸ್ ಹೋಗಬಹುದು ಅಂತ ಅರ್ಧ ಸಾಮಾನು ಕಟ್ಟಿಯೇ ಇಟ್ಟಿದ್ದೆವು. ಮಕ್ಕಳ ಓದು, ಆಮೇಲೆ ಅವರ ಕೆಲಸ, ಅಂತೂ 2018ರಲ್ಲಿ ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಮಂಡ್ಯ ಸೀಮೆಯ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ವಿಶ್ವೇಶ್ವರಯ್ಯನವರ ಪಟ ಇರುತ್ತದೆ ಎಂಬುದು ನಿಮಗೂ ಗೊತ್ತು. ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದವರಿಗೆ ಅದೇನೂ ವಿಚಿತ್ರವಲ್ಲ. ಆದರೆ ಕನ್ನಂಬಾಡಿಗೂ ಮೊದಲು ಆ ಮಹನೀಯರು ಕೈಹಾಕಿದ ದೊಡ್ಡ ಕೆಲಸಗಳಲ್ಲಿ ಒಂದು ಈ ಹೈದರಾಬಾದಿನ ಮೂಸಿ ಹೊಳೆಯದು ಎಂಬುದು ಇಲ್ಲಿಗೆ ಬಂದು ನೆಲೆಸಿದ ಮೇಲೆಯೇ ನನಗೆ ತಿಳಿದದ್ದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕಾರ್ಯಕ್ರಮ ಕೇಳಲು ಹೋದಾಗ ಹಿರಿಯರು ಮಾತಿನ ನಡುವೆ ಹೇಳುತ್ತಿದ್ದರು: "ನಿಮ್ಮ ಮೈಸೂರಿಗೆ ಹೋಗುವ ಮುಂಚೆ ಅವರು ನಮ್ಮ ನಿಜಾಮರ ಊರು ಉಳಿಸಿ ಹೋದರು ಕಣ್ರೀ."

ಮೊದಲು ಕೆರೆಯ ವಿಷಯ. ಹುಸೇನ್ ಸಾಗರ ಕಟ್ಟಿದ್ದು 1562-63ರ ಸುಮಾರಿಗೆ, ಇಬ್ರಾಹಿಂ ಕುಲಿ ಕುತುಬ್ ಷಾನ ಕಾಲದಲ್ಲಿ. ಕಟ್ಟಿಸಿದವರು ಹುಸೇನ್ ಷಾ ವಲಿ, ಅವರ ಹೆಸರೇ ಕೆರೆಗೆ ಉಳಿಯಿತು. ಆಗ ಹೈದರಾಬಾದ್ ನಗರವೇ ಹುಟ್ಟಿರಲಿಲ್ಲ, ಚಾರ್‌ಮಿನಾರ್ ಎದ್ದದ್ದು 1591ರಲ್ಲಿ. ಮೂಸಿಗೆ ಸೇರುವ ಸಣ್ಣ ಹಳ್ಳವೊಂದಕ್ಕೆ ಅಡ್ಡಲಾಗಿ ಏರಿ ಹಾಕಿ, ಮೇಲ್ಗಡೆ ಮೂಸಿಯಿಂದಲೇ ಬಲ್ಕಾಪುರ ಕಾಲುವೆ ತೆಗೆದು ಕೆರೆ ತುಂಬಿಸುತ್ತಿದ್ದರಂತೆ. ಹಿಂದೆ ಹೊಳೆ ಕೆರೆಗೆ ಒಳ್ಳೆಯ ನೀರು ಕೊಡುತ್ತಿತ್ತು, ಈಗ ಕೆರೆ ಹೊಳೆಗೆ ಕೊಳಚೆ ಕೊಡುತ್ತದೆ. ನಾಲ್ಕು ನೂರೈವತ್ತು ವರ್ಷದ ಇತಿಹಾಸವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಒಂದು ಕಾಲಕ್ಕೆ ಊರಿನವರು ಕುಡಿಯುತ್ತಿದ್ದ ನೀರು ಈ ಕೆರೆಯದೇ ಆಗಿತ್ತು ಎಂದರೆ ಇವತ್ತಿನ ಹುಡುಗರು ನಂಬುವುದಿಲ್ಲ.

ಮೂಸಿಯ ಹಳೆಯ ಹೆಸರು ಮುಚುಕುಂದಾ. ವಿಕಾರಾಬಾದಿನ ಅನಂತಗಿರಿ ಗುಡ್ಡದಲ್ಲಿ ಹುಟ್ಟಿ, ಹೈದರಾಬಾದನ್ನು ಎರಡು ಭಾಗ ಮಾಡಿ, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಗೆ ಸೇರುತ್ತದೆ. ನಮ್ಮ ಕನ್ನಡದವರಿಗೆ ಈ ಹೆಸರು ಕೇಳಿದರೆ ನಗು. "ಮೂಸಿ ನೋಡಿದರೇ ಗೊತ್ತಾಗುತ್ತೆ ಬಿಡಿ, ಯಾವ ಹೊಳೆ ಅಂತ" ಎಂದು ನನ್ನ ಷಡ್ಡಕರು ಸೇತುವೆ ದಾಟುವಾಗೆಲ್ಲ ಹೇಳುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಇದೊಂದು ದೊಡ್ಡ ಚರಂಡಿ ಅನಿಸುತ್ತದೆ. ಇದು ಊರು ನುಂಗಿದ ಹೊಳೆ ಎಂದು ಹೇಳಲು ಬರುವುದಿಲ್ಲ.

ಆದರೆ ನುಂಗಿತ್ತು. 1908ರ ಸೆಪ್ಟೆಂಬರ್ 28. ಎರಡು ದಿನ ಬಿಡದೆ ಸುರಿದ ಮಳೆಗೆ ಮೂಸಿ ಉಕ್ಕಿತು. ಹೈದರಾಬಾದಿನಲ್ಲಿ ಸತ್ತವರು ಸುಮಾರು 15,000 ಮಂದಿ ಎಂಬ ಅಂದಾಜಿದೆ. ಸಾವಿರಾರು ಮನೆ ಕೊಚ್ಚಿಹೋದವು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆ ಮರ ಇದೆ. ಆ ದಿನ ಸುಮಾರು 150 ಮಂದಿ ಅದರ ಕೊಂಬೆ ಹಿಡಿದು ಜೀವ ಉಳಿಸಿಕೊಂಡರು. ಆಗಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಪಂಡಿತರ ಮಾತಿನಂತೆ ಹೊಳೆಯ ದಡಕ್ಕೆ ಹೋಗಿ ಸೀರೆ, ಮುತ್ತು ಅರ್ಪಿಸಿ ಶಾಂತಳಾಗು ತಾಯಿ ಅಂತ ಬೇಡಿಕೊಂಡರು ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಕನ್ನಂಬಾಡಿ ತುಂಬಿದಾಗ ಕಾವೇರಿಗೆ ಬಾಗಿನ ಕೊಡುವುದನ್ನು ನೋಡಿ ಬೆಳೆದ ನನಗೆ ಈ ಮಾತು ಕೇಳಿ ಮೈ ನವಿರೆದ್ದಿತು. ನಾವು ಸಂತೋಷಕ್ಕೆ ಕೊಡುವುದನ್ನು ಅವರು ಸಂಕಟದಲ್ಲಿ ಕೊಟ್ಟಿದ್ದರು, ವ್ಯತ್ಯಾಸ ಅಷ್ಟೇ.

ಮರುವರ್ಷ ನಿಜಾಮ್ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರು ಮುಂಬಯಿ ಸರ್ಕಾರದ ನೌಕರಿ ಬಿಟ್ಟು ಯೂರೋಪು ಪ್ರವಾಸದಲ್ಲಿದ್ದರು. ತಂತಿ ಅಲ್ಲಿಗೇ ಹೋಯಿತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದು, ಅಕ್ಟೋಬರ್ 1ಕ್ಕೆ ವರದಿ ಕೊಟ್ಟರು. ಅದೇ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. ಹೊಳೆ ಉಕ್ಕಿತು, ಮಳೆ ಜಾಸ್ತಿ ಬಂತು, ದೈವೇಚ್ಛೆ ಎಂದು ಕೈತೊಳೆದುಕೊಳ್ಳದೆ ಅವರು ಲೆಕ್ಕಕ್ಕೆ ಕೂತರು. ಮೂಸಿಗೆ ನೀರು ಬರುವ ಪ್ರದೇಶದಲ್ಲಿ ಕೆರೆಗಳು ಎಷ್ಟು ಅಂತ ಎಣಿಸಿದರು: 788. ಅವುಗಳಲ್ಲಿ ಆ ಮಳೆಗೆ ಒಡೆದದ್ದು 221. ಈ ಕೆರೆಗಳೆಲ್ಲ ನಮ್ಮ ಹಳೇ ಮೈಸೂರು ಸೀಮೆಯ ಹಾಗೆ ಸರಪಳಿಯ ಕೆರೆಗಳು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯನ್ನು ತುಂಬಿಸುತ್ತದೆ. ಸರಪಳಿ ಸರಿಯಾಗಿದ್ದಾಗ ಅದು ಉಳಿತಾಯ. ಮೇಲಿನದು ಒಡೆದರೆ ಕೆಳಗಿನದು ತಡೆಯುವುದಿಲ್ಲ. ಒಂದರ ಹಿಂದೆ ಒಂದು ಹೋಗಿ, ಹತ್ತು ಕೆರೆಯ ನೀರು ಒಂದೇ ಸಲ ಹೊಳೆಗೆ ಬೀಳುತ್ತದೆ. 1908ರಲ್ಲಿ ಆದದ್ದು ಇದೇ. ಆಕಾಶದ ನೀರಿನ ಜೊತೆ ಕೆರೆಗಳ ನೀರೂ ಸೇರಿ ಊರಿನ ಮೇಲೆ ಬಂತು.

ಅವರ ಸಲಹೆಯ ಸಾರ ಸರಳ. ಊರಿನ ರಕ್ಷಣೆ ಊರೊಳಗಿಲ್ಲ, ಊರಿನ ಮೇಲ್ಗಡೆ ಇದೆ. ನೆರೆಯನ್ನು ಮೇಲೆಯೇ ತಡೆದು ನಿಲ್ಲಿಸಿ, ಹೊಳೆ ತಾಳುವಷ್ಟನ್ನು ಮಾತ್ರ ನಿಧಾನವಾಗಿ ಕೆಳಗೆ ಬಿಡಬೇಕು. ಅದರ ಜೊತೆಗೆ ಊರಿನಲ್ಲಿ ಹೊಳೆಯ ದಂಡೆ ಎತ್ತರಿಸಬೇಕು, ದಡದಲ್ಲಿ ಉದ್ಯಾನ ಮಾಡಬೇಕು, ಕೊಳಚೆ ನೀರಿಗೆ ಪ್ರತ್ಯೇಕ ಒಳಚರಂಡಿ ಬೇಕು. ಈ ಕೊನೆಯ ಮಾತನ್ನು ಗಮನಿಸಿ. ನೆರೆಗೆ ಮದ್ದು ಕೇಳಿದವರಿಗೆ ಅವರು ಚರಂಡಿಯ ಮದ್ದನ್ನೂ ಕೊಟ್ಟರು. ಮಳೆ ನೀರು, ಕೆರೆ, ಹೊಳೆ, ಚರಂಡಿ ಇವೆಲ್ಲ ಒಂದೇ ಲೆಕ್ಕದ ಪುಸ್ತಕದ ಪುಟಗಳು ಎಂಬುದು ಅವರಿಗೆ ಗೊತ್ತಿತ್ತು.

ಅಣೆಕಟ್ಟೆಗಳು ಎದ್ದವು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಕನ್ನಂಬಾಡಿಯ 49 ಟಿಎಂಸಿ ಲೆಕ್ಕದಲ್ಲಿ ಇವು ಚಿಕ್ಕವು. ಉಸ್ಮಾನ್ ಸಾಗರದ ಸಾಮರ್ಥ್ಯ 3.9 ಟಿಎಂಸಿ, ಹಿಮಾಯತ್ ಸಾಗರದ್ದು 3ಕ್ಕೆ ಹತ್ತಿರ. ಆದರೆ ಊರನ್ನು ಬಹುಕಾಲ ಕಾಪಾಡಿದ್ದು, ಕುಡಿಯಲು ನೀರು ಕೊಟ್ಟದ್ದು ಈ ಚಿಕ್ಕವೇ. ಅಷ್ಟಾಗಿ ಊರು ವರದಿಯ ಅರ್ಧವನ್ನು ಮಾತ್ರ ಜ್ಞಾಪಕ ಇಟ್ಟುಕೊಂಡಿತು. ಕಟ್ಟೆ ಕಟ್ಟಿದ್ದಾಯಿತಲ್ಲ, ಇನ್ನು ಹೊಳೆಯ ಭಯವಿಲ್ಲ ಅಂತ ಹೊಳೆಯ ಪಾತ್ರಕ್ಕೇ ಮನೆಗಳು ಇಳಿದವು. ಕೆರೆಗಳ ಸರಪಳಿ ಸೈಟುಗಳಾಯಿತು. ಒಳಚರಂಡಿ ಊರು ಬೆಳೆದಷ್ಟು ಬೆಳೆಯಲಿಲ್ಲ, ಮಳೆನೀರಿನ ನಾಲೆಗಳೇ ಕೊಳಚೆಯ ದಾರಿಯಾದವು.

ಹುಸೇನ್ ಸಾಗರದ ಗತಿ ಕೆಟ್ಟದ್ದು ಹೀಗೆಯೇ. ಸುಮಾರು 240 ಚದರ ಕಿಲೋಮೀಟರ್ ಪ್ರದೇಶದ ನೀರು ಕೂಕಟ್‌ಪಲ್ಲಿ, ಪಿಕೆಟ್, ಬಂಜಾರ, ಬಲ್ಕಾಪುರ ಎಂಬ ನಾಲ್ಕು ನಾಲೆಗಳಲ್ಲಿ ಕೆರೆಗೆ ಬರುತ್ತದೆ. ಕೂಕಟ್‌ಪಲ್ಲಿ ನಾಲೆ ಕಾರ್ಖಾನೆಗಳ ಕಡೆಯಿಂದ ಬರುವಂಥದ್ದು. ಅದರಲ್ಲಿ ಮನೆಗಳ ಕೊಳಚೆಯ ಜೊತೆಗೆ ರಾಸಾಯನಿಕಗಳೂ ಬಂದು ದಶಕಗಳ ಕಾಲ ಕೆರೆಯ ತಳದಲ್ಲಿ ಹೂಳಾಗಿ ಕೂತಿವೆ. ವರ್ಷಕ್ಕೊಮ್ಮೆ ಗಣೇಶನ ವಿಸರ್ಜನೆಯ ಬಣ್ಣ, ಪ್ಲಾಸ್ಟರು ಬೇರೆ.

ಕೆರೆಯ ನೆರೆ ಎಂದರೇನು ಅಂತ ನಾನು ಕಣ್ಣಾರೆ ಕಂಡದ್ದು 2000ನೇ ಇಸವಿ ಆಗಸ್ಟ್ 24ರಂದು. ಒಂದೇ ದಿನಕ್ಕೆ 24 ಸೆಂಟಿಮೀಟರ್ ಮಳೆ. ಆಗ ನಾವು ಅಶೋಕ್‌ನಗರದಲ್ಲಿ ಬಾಡಿಗೆಗಿದ್ದೆವು, ಪುಣ್ಯಕ್ಕೆ ಮೊದಲ ಮಹಡಿ. ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ, ನಾವೆಲ್ಲ ಅಮ್ಮಮ್ಮ ಅಂತಲೇ ಕರೆಯುತ್ತಿದ್ದೆವು. ಸೊಂಟದವರೆಗೆ ನೀರು ಬಂದಾಗ ಅವರನ್ನು ಎತ್ತಿಕೊಂಡು ಮೇಲೆ ತಂದು ಕೂರಿಸಿದೆವು. ನಮ್ಮ ಮನೆಯವರು ಬಿಸಿ ಕಾಫಿ ಕೊಟ್ಟರೆ ಅಮ್ಮಮ್ಮ ಕೈ ಚಾಚಲೇ ಇಲ್ಲ. "ಈ ಕೈಯಲ್ಲಿ ಹೇಗಮ್ಮಾ ಕುಡಿಯಲಿ" ಅಂದರು. ನೀರು ಇಳಿದದ್ದು ಮಾರನೇ ದಿನ. ಬಿಟ್ಟುಹೋದದ್ದು ಗೋಡೆಗೆ ಎರಡೂವರೆ ಅಡಿಯ ಕಪ್ಪು ಗೆರೆ, ನೆಲಕ್ಕೆ ಒಂದು ಗೇಣು ಎಣ್ಣೆ ಬೆರೆತ ಕೆಸರು. ನಮ್ಮೂರಲ್ಲಿ ಕೆರೆ ಕೋಡಿ ಬಿದ್ದರೆ ಹೆಂಗಸರು ಅರಿಸಿನ ಕುಂಕುಮ ತೆಗೆದುಕೊಂಡು ಗಂಗೆಪೂಜೆಗೆ ಹೋಗುತ್ತಾರೆ. ಇಲ್ಲಿ ಕೋಡಿಯ ನೀರು ಮುಟ್ಟಿದ ಕೈಯನ್ನು ಬಾಯಿಗೆ ಒಯ್ಯಲು ಜನ ಹೆದರುತ್ತಾರೆ.

ಇನ್ನು ಮುಖ್ಯ ವಿಷಯ. ಕೆರೆ ತುಂಬಿದಾಗ ತೂಬು ತೆಗೆಯದೆ ಬೇರೆ ದಾರಿಯಿಲ್ಲ ಎಂದು ಎಂಜಿನಿಯರುಗಳು ಹೇಳುವುದು ನ್ಯಾಯವೇ. ಏರಿ ಒಡೆದರೆ ಆಗುವ ಅನಾಹುತದ ಮುಂದೆ ಮನೆಗೆ ಕೆಸರು ನುಗ್ಗುವುದು ಏನೂ ಅಲ್ಲ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪರಿಸರದವರು ಎತ್ತುವ ಆತಂಕಗಳು ಬೇರೆ, ಅವು ಮೂರು.

ಮೊದಲನೆಯದು ನೀರಿನ ಗುಣ. ಮೊದಲ ದೊಡ್ಡ ಮಳೆ ಊರಿನ ರಸ್ತೆ, ಮೋರಿ, ವರ್ಕ್‌ಶಾಪುಗಳನ್ನೆಲ್ಲ ತೊಳೆದು ಕೆರೆಗೆ ತರುತ್ತದೆ. ಒಣ ದಿನಗಳಲ್ಲಿ ನಾಲೆಯ ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕಕ್ಕೆ ತಿರುಗಿಸಿ ಅಂಬರ್‌ಪೇಟೆಯ ಶುದ್ಧೀಕರಣ ಘಟಕಕ್ಕೆ ಒಯ್ಯುವ ಏರ್ಪಾಡಿದೆ. ದಿನಕ್ಕೆ 33.9 ಕೋಟಿ ಲೀಟರ್ ಶುದ್ಧೀಕರಿಸುವ ಘಟಕ ಅದು. ಆದರೆ ಮಳೆ ಬಂದಾಗ ಆ ತಿರುವುಗಳನ್ನು ದಾಟಿ ಎಲ್ಲವೂ ಕೆರೆಗೆ ಬೀಳುತ್ತದೆ. ಜೊತೆಗೆ ವೇಗವಾಗಿ ನುಗ್ಗುವ ನೀರು ತಳದ ಹೂಳನ್ನು ಕದಡುತ್ತದೆ. ಹೀಗೆ ಕದಡಿದ್ದೆಲ್ಲ ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಹೊಳೆಗೆ. ಕೊಳೆಯುವ ಪದಾರ್ಥ ಹೆಚ್ಚಾದರೆ ನೀರಿನಲ್ಲಿರುವ ಆಮ್ಲಜನಕ ಅದಕ್ಕೇ ಖರ್ಚಾಗಿ ಮೀನಿಗೆ ಉಸಿರಿಲ್ಲದಂತಾಗುತ್ತದೆ. ಲೋಹಗಳು ಗದ್ದೆಯ ಮಣ್ಣಿಗೆ ಇಳಿಯುತ್ತವೆ.

ಎರಡನೆಯದು ಹೊತ್ತು. ಹುಸೇನ್ ಸಾಗರದ ನಾಲೆ ನಲ್ಲಕುಂಟ ದಾಟಿ ಅಂಬರ್‌ಪೇಟೆಯ ಕಡೆ ಮೂಸಿಗೆ ಸೇರುತ್ತದೆ. ಮೇಲ್ಗಡೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರದ ಗೇಟುಗಳನ್ನೂ ಅದೇ ದಿನ ತೆಗೆದರೆ ಹೊಳೆ ಆಗಲೇ ಎತ್ತರದಲ್ಲಿ ಹರಿಯುತ್ತಿರುತ್ತದೆ. ನಾಲೆಯ ನೀರಿಗೆ ಒಳಗೆ ಹೋಗಲು ಜಾಗವಿಲ್ಲ. ಹಿಂದಕ್ಕೆ ಒತ್ತಿ ಬಡಾವಣೆಗಳಿಗೆ ನುಗ್ಗುತ್ತದೆ. ಮೂರು ಕಟ್ಟೆಗಳನ್ನು ಬೇರೆ ಬೇರೆ ಕಟ್ಟೆ ಎಂದು ನೋಡಿದರೆ ಎಲ್ಲರ ತೀರ್ಮಾನವೂ ಸರಿ, ಒಟ್ಟಿಗೆ ನೋಡಿದರೆ ಊರು ಮುಳುಗಿರುತ್ತದೆ.

ಮೂರನೆಯದು, ಇದನ್ನೆಲ್ಲ ಕಡೆಗೆ ಯಾರು ಹೊರುತ್ತಾರೆ ಎಂಬುದು. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನ್ನಂಥವನಿಗೆ ಚೆನ್ನಾಗಿ ಅರ್ಥವಾಗುವುದು ಇದೇ. ಒಂದು ಶಾಖೆಯ ವಸೂಲಾಗದ ಸಾಲವನ್ನು ಇನ್ನೊಂದು ಶಾಖೆಯ ಪುಸ್ತಕಕ್ಕೆ ವರ್ಗ ಮಾಡಿದರೆ ಮೊದಲ ಶಾಖೆಯ ಬ್ಯಾಲೆನ್ಸ್ ಷೀಟ್ ಹಾಲಿನಂತೆ ಬೆಳ್ಳಗಾಗುತ್ತದೆ, ಮ್ಯಾನೇಜರಿಗೆ ಪ್ರಶಂಸೆಯೂ ಬರಬಹುದು. ಬ್ಯಾಂಕಿನ ನಷ್ಟ ಒಂದು ಪೈಸೆಯೂ ಕಡಿಮೆಯಾಗಿರುವುದಿಲ್ಲ. ಕೆರೆಯ ಕೊಳೆಯನ್ನು ಹೊಳೆಗೆ ಬಿಟ್ಟು ಕೆರೆ ಶುದ್ಧವಾಯಿತು ಎನ್ನುವುದು ಇಂಥದೇ ಲೆಕ್ಕ.

ಈ ಮಾತು ಬಹಿರಂಗವಾಗಿ ಚರ್ಚೆಗೆ ಬಂದದ್ದು 2015ರಲ್ಲಿ. ಹೊಸ ತೆಲಂಗಾಣ ಸರ್ಕಾರ ಹುಸೇನ್ ಸಾಗರದ ನೀರನ್ನು ಖಾಲಿ ಮಾಡಿಸಿ, ಕೂಕಟ್‌ಪಲ್ಲಿ ನಾಲೆಯನ್ನು ಬೇರೆ ಕಡೆಗೆ ತಿರುಗಿಸಿ, ಕೆರೆಯನ್ನು ಶುಚಿ ಮಾಡುವ ಯೋಜನೆ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಖಾಲಿ ಮಾಡಿದ ನೀರು ಎಲ್ಲಿಗೆ? ಮೂಸಿಗೆ. ಪರಿಸರ ಕಾರ್ಯಕರ್ತರು ಇದನ್ನೇ ಕೇಳಿದರು, ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಇದಕ್ಕೂ ಮುಂಚೆ, 2009ರಲ್ಲಿ, ಪಟಾನ್‌ಚೆರು ಕೈಗಾರಿಕಾ ಪ್ರದೇಶದ ತ್ಯಾಜ್ಯ ನೀರನ್ನು ಸಂಸ್ಕರಿಸಿ ಸುಮಾರು 18 ಕಿಲೋಮೀಟರ್ ಪೈಪಿನಲ್ಲಿ ಅಂಬರ್‌ಪೇಟೆಗೆ ತರುವ ಏರ್ಪಾಡು ಶುರುವಾಗಿತ್ತು. ಅದೂ ಕೊನೆಗೆ ಮೂಸಿಯ ಖಾತೆಗೇ ಜಮಾ. ಊರಿನ ಎಲ್ಲ ದಿಕ್ಕಿನ ಬಾಕಿಯೂ ಬಂದು ಸೇರುವ ಸಸ್ಪೆನ್ಸ್ ಅಕೌಂಟ್ ಆಗಿದೆ ಈ ಹೊಳೆ.

ಆ ಖಾತೆಯ ಕೆಳಗಿನ ಪುಟದಲ್ಲಿ ಯಾರಿದ್ದಾರೆ? ನಾನು ಕೃಷಿಸಾಲದ ವಿಭಾಗದಲ್ಲಿದ್ದ ವರ್ಷಗಳಲ್ಲಿ ನಲ್ಗೊಂಡ ಕಡೆಯ ಹಳ್ಳಿಗಳಿಗೆ ತನಿಖೆಗೆ ಹೋಗುತ್ತಿದ್ದೆ. ಮೂಸಿಯ ಹಳೆಯ ಒಡ್ಡುಗಳಿಂದ ಕಾಲುವೆ, ಕಾಲುವೆಯಿಂದ ಕೆರೆ, ಕೆರೆಯಿಂದ ಗದ್ದೆ. ನೋಡಲು ನಮ್ಮ ಮಂಡ್ಯದ ಹಾಗೇ ಹಸಿರು. ಹತ್ತಿರ ಹೋದರೆ ಕಾಲುವೆಯ ನೀರು ಕಪ್ಪು, ಒಡ್ಡಿನ ಕೆಳಗೆ ಸೋಪಿನಂಥ ನೊರೆ. ಒಬ್ಬ ಯಜಮಾನರು ಪಂಚೆ ಎತ್ತಿ ಮೊಣಕಾಲಿನ ಕೆಳಗಿನ ಕಜ್ಜಿ ತೋರಿಸಿದರು. ಅವರು ತೆಲುಗಿನಲ್ಲಿ ಹೇಳಿದ್ದನ್ನು ನಮ್ಮ ಮಾತಿಗೆ ತಂದರೆ ಹೀಗೆ: "ಪಟ್ನದಲ್ಲಿ ಮಳೆ ಬಂದದ್ದು ನಮಗೆ ರೇಡಿಯೋ ಹೇಳಬೇಕಾಗಿಲ್ಲ ಸಾರ್, ಎರಡನೇ ದಿನ ವಾಸನೆ ಹೇಳುತ್ತೆ." ಪಟ್ನ ಎಂದರೆ ಇಲ್ಲಿನ ಹಳ್ಳಿಯವರಿಗೆ ಹೈದರಾಬಾದ್. ಬೆಳೆ ಬರುತ್ತದೆ, ಕೊಳಚೆಯಲ್ಲಿ ಗೊಬ್ಬರದ ಅಂಶವೂ ಇದೆಯಲ್ಲ. ಆದರೆ ಮೂಸಿ ನೀರಿನ ಭತ್ತ ಅಂದರೆ ಕೊಳ್ಳುವವನು ಬೆಲೆ ಕಡಿಮೆ ಮಾಡುತ್ತಾನೆ. ಬೆಳೆದವರ ಮನೆಯಲ್ಲೇ ಊಟಕ್ಕೆ ಬೋರ್‌ವೆಲ್ ನೀರಿನ ಅಕ್ಕಿ ಬೇರೆ ಇಟ್ಟುಕೊಳ್ಳುತ್ತಾರೆ. ಸಾಲದ ಅರ್ಜಿಯಲ್ಲಿ ನೀರಾವರಿ ಮೂಲ ಎಂಬ ಕಲಂ ಇರುತ್ತದೆ. ಅದರಲ್ಲಿ ಮೂಸಿ ಎಂದು ಬರೆಯುವಾಗ, ಈ ನೀರನ್ನು ಆಸ್ತಿಯ ಕಡೆ ಬರೆಯಬೇಕೋ ಹೊರೆಯ ಕಡೆ ಬರೆಯಬೇಕೋ ಎಂಬ ಯೋಚನೆ ಬಂದೇ ಬರುತ್ತಿತ್ತು.

2020ರ ಅಕ್ಟೋಬರ್ 13-14ರ ಮಳೆಯಲ್ಲಿ ಹಳೆಯ ಪಾಠ ಹೊಸದಾಗಿ ಬಂತು. ಬೇಗಂಪೇಟೆಯಲ್ಲಿ 19 ಸೆಂಟಿಮೀಟರ್, ಹೊರವಲಯದ ಘಟ್‌ಕೇಸರ್‌ನಲ್ಲಿ 32. ಹಳೇ ಊರಿನ ದಕ್ಷಿಣಕ್ಕೆ ಪಲ್ಲೆ ಚೆರುವು ಒಡೆಯಿತು, ಕೆಲವು ದಿನದ ನಂತರ ಗುರ್ರಂ ಚೆರುವು ಒಡೆಯಿತು. ಚೆರುವು ಎಂದರೆ ನಮ್ಮ ಕೆರೆ. 1908ರಲ್ಲಿ 221 ಕೆರೆ ಒಡೆದದ್ದು ಬರೀ ಇತಿಹಾಸ ಎಂದುಕೊಂಡವರಿಗೆ ಉತ್ತರ ಸಿಕ್ಕಿತು. ಹಿಮಾಯತ್ ಸಾಗರದ ಗೇಟುಗಳನ್ನು ತೆಗೆದರು, ಹುಸೇನ್ ಸಾಗರವೂ ಮಟ್ಟ ಮೀರಿ ಹರಿಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೇಲಿನ ಎರಡೂ ಜಲಾಶಯಗಳಿಂದ ನೀರು ಬಿಟ್ಟಾಗ ಮೂಸಿಯ ಮಗ್ಗುಲಲ್ಲಿರುವ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ನೀರು ನುಗ್ಗಿತು, ಪ್ರಯಾಣಿಕರನ್ನು ರಾತ್ರಿ ಹೊರಗೆ ಕರೆತರಬೇಕಾಯಿತು. ನಮ್ಮ ಬೀದರ್, ಕಲಬುರಗಿಯ ಬಸ್ಸುಗಳು ಬಂದು ನಿಲ್ಲುವ ನಿಲ್ದಾಣ ಅದು.

2020ರ ನಂತರ ನಾಲೆಗಳನ್ನು ಅಗಲ ಮಾಡುವ ಕಾರ್ಯಕ್ರಮ ಬಂತು. ಹುಸೇನ್ ಸಾಗರದ ನಾಲೆಗೆ ಎರಡೂ ಕಡೆ ಎತ್ತರದ ಗೋಡೆ ಕಟ್ಟುವ ಕೆಲಸ ಆರಂಭವಾಯಿತು. ಅಶೋಕ್‌ನಗರದ ನಮ್ಮ ಹಳೆಯ ನೆರೆಹೊರೆಯವರಿಗೆ ಸಮಾಧಾನ, ನನಗೂ ಸಮಾಧಾನ. ಅಮ್ಮಮ್ಮನ ಮನೆಯಂಥ ಮನೆಗಳಿಗೆ ರಕ್ಷಣೆ ಬೇಕೇಬೇಕು. ಆದರೆ ಗೋಡೆ ನೀರನ್ನು ಕಡಿಮೆ ಮಾಡುವುದಿಲ್ಲ, ಬೇಗ ಮುಂದೆ ಸಾಗಿಸುತ್ತದೆ. ಅಂಬರ್‌ಪೇಟೆಯ ಕೆಳಗಿನವರಿಗೆ ನೆರೆ ಇನ್ನಷ್ಟು ಬೇಗ, ಇನ್ನಷ್ಟು ಒಟ್ಟಾಗಿ ತಲುಪುತ್ತದೆ. ಮೇಲ್ಗಡೆಯ ಕಥೆಯೂ ಹಾಗೇ. ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್, 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆ ಬೇಡವೆಂದು 1996ರಲ್ಲಿ 111ನೇ ನಂಬರಿನ ಸರ್ಕಾರಿ ಆದೇಶ ಹೊರಟಿತ್ತು. 2022ರಲ್ಲಿ ಆ ನಿರ್ಬಂಧವನ್ನು ಸಡಿಲಿಸುವ ಆದೇಶ ಬಂತು. ನೀರು ಇಂಗುವ ನೆಲ ಕಾಂಕ್ರೀಟ್ ಆದರೆ ಅದೇ ಮಳೆಗೆ ಹೆಚ್ಚು ನೆರೆ ಬರುತ್ತದೆ. ಇದಕ್ಕೆ ಎಂಜಿನಿಯರ್ ಬೇಕಿಲ್ಲ, ಮಳೆಗಾಲದಲ್ಲಿ ಸಿಮೆಂಟ್ ಅಂಗಳ ಇರುವ ಮನೆಯನ್ನೂ ಮಣ್ಣಿನ ಅಂಗಳದ ಮನೆಯನ್ನೂ ನೋಡಿದವರಿಗೆ ಸಾಕು.

ಹಾಗಾದರೆ ಮಾಡುವುದೇನು? ಹೊಸದೇನೂ ಇಲ್ಲ, 1909ರ ವರದಿಯ ಮರೆತ ಅರ್ಧವನ್ನು ಓದಿಕೊಂಡರೆ ಸಾಕು. ಮಳೆಗಾಲಕ್ಕೆ ಮೊದಲೇ, ಕೆರೆಯ ನೀರು ತಿಳಿಯಾಗಿ ನಿಂತಿರುವಾಗ, ಸ್ವಲ್ಪ ಸ್ವಲ್ಪವಾಗಿ ಬಿಟ್ಟು ನೆರೆಗೆ ಜಾಗ ಮಾಡಿಕೊಳ್ಳಬಹುದು. ಮೂರು ಕಟ್ಟೆಗಳ ಗೇಟುಗಳ ತೀರ್ಮಾನ ಒಂದೇ ಮೇಜಿನ ಮೇಲೆ ಆಗಬೇಕು. ಕೊಳಚೆಯ ದಾರಿ, ಮಳೆನೀರಿನ ದಾರಿ ಬೇರೆಯಾಗಬೇಕು. ಉಳಿದಿರುವ ಕೆರೆಗಳ ಸರಪಳಿ ಉಳಿಯಬೇಕು. ನೀರು ಬಿಡುವ ಮುಂಚೆ ಊರೊಳಗಿನವರಿಗೆ ಮೈಕಿನಲ್ಲಿ ಎಚ್ಚರಿಕೆ ಕೊಡುತ್ತಾರೆ, ಒಳ್ಳೆಯದು. ಆ ನೀರಿನಲ್ಲಿ ಏನೇನಿದೆ ಎಂದು ಕೆಳಗಿನ ರೈತನಿಗೂ ಹೇಳಬೇಕು, ಕಾಲುವೆಯ ತೂಬು ಎರಡು ದಿನ ಮುಚ್ಚಿಕೊಳ್ಳಲಾದರೂ ಅವನಿಗೆ ಅವಕಾಶವಾಗಲಿ. 2024ರಿಂದ ಮೂಸಿಯನ್ನು ಪುನರುಜ್ಜೀವಗೊಳಿಸುವ ದೊಡ್ಡ ಯೋಜನೆಯ ಮಾತು ಜೋರಾಗಿದೆ. ಹೊಳೆಯ ಪಾತ್ರದ ಮನೆಗಳಿಗೆ ಗುರುತು ಹಾಕಿದ್ದೂ ಆಯಿತು, ಅಲ್ಲಿನ ಬಡವರ ಅಳಲೂ ಕೇಳಿಬಂತು. ದಡ ಚಂದವಾಗುವುದಕ್ಕಿಂತ ಮೊದಲು ನೀರು ಚೊಕ್ಕವಾಗಬೇಕು ಎಂಬ ಕ್ರಮ ತಪ್ಪದಿದ್ದರೆ ಸಾಕು.

ಇದನ್ನೆಲ್ಲ ಊರಿನಲ್ಲಿರುವ ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆಯಾಗಿ ಏಳುವುದನ್ನು ತಮಿಳುನಾಡಿನವರು ಎಷ್ಟೋ ಸಲ ತೋರಿಸಿದ್ದಾರೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ನಾವೆಲ್ಲ ಟಿವಿಯಲ್ಲಿ ನೋಡಿದ್ದು ದೋಣಿಯಲ್ಲಿ ಹೋಗುವ ಜನರನ್ನು. ಆ ನೀರು ಇಳಿದು ಎಲ್ಲಿಗೆ ಹೋಯಿತು, ಯಾರ ಗದ್ದೆಗೆ ಹೋಯಿತು ಎಂದು ಯಾವ ಚಾನೆಲ್ಲೂ ಹಿಂಬಾಲಿಸಲಿಲ್ಲ. ಕಾವೇರಿ ನೀರು ಎಷ್ಟು ಬಿಡಬೇಕು ಎಂದು ಟಿಎಂಸಿ ಲೆಕ್ಕದಲ್ಲಿ ಜಗಳ ಮಾಡುವ ನಾವು, ಎಂಥ ನೀರು ಬಿಡುತ್ತಿದ್ದೇವೆ ಎಂಬ ಲೆಕ್ಕವನ್ನು ಇನ್ನೂ ತೆರೆದಿಲ್ಲ.

ಹೊರನಾಡಿನಲ್ಲಿ ಬಹಳ ವರ್ಷ ಇದ್ದವರಿಗೆ ಒಂದು ಅನುಕೂಲ ಇದೆ. ಇನ್ನೊಬ್ಬರ ಊರಿನ ತಪ್ಪನ್ನು ನೋಡುತ್ತಾ ನೋಡುತ್ತಾ ನಮ್ಮ ಊರಿನದು ಸ್ಪಷ್ಟವಾಗಿ ಕಾಣಿಸತೊಡಗುತ್ತದೆ. ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದಾಗ ಹೊಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಲೆಕ್ಕ ಹಾಕಿದರು, ಕೆರೆಗಳನ್ನು ಒಂದೊಂದಾಗಿ ಎಣಿಸಿದರು. ಅವರ ಪಟವನ್ನು ಗೋಡೆಗೆ ಹಾಕಿ ಹೂವು ಮುಡಿಸುವ ನಾವು ಆ ಎಣಿಕೆಯನ್ನೂ ಮುಂದುವರಿಸಬೇಕು. ಮೇಲಿನ ಊರಿನ ಕೋಡಿಯೇ ಕೆಳಗಿನ ಊರಿನ ಕುಡಿಯುವ ನೀರು. ಖಾತೆ ಯಾರ ಹೆಸರಿನಲ್ಲಿದ್ದರೂ ಬಾಕಿ ಬಾಕಿಯೇ.